ಕವಣೆಯ ಕಥೆ, ಕತ್ತಿಯ ಚಿತ್ರ: 1960ರ ‘ದಾವೀದ ಮತ್ತು ಗೊಲ್ಯಾತ’ ಚಲನಚಿತ್ರದ ಒಂದು ಚಾರಿತ್ರಿಕ ಅವಲೋಕನ

ಸಮುವೇಲನ ಮೊದಲನೆಯ ಗ್ರಂಥದ ಹದಿನೇಳನೆಯ ಅಧ್ಯಾಯವನ್ನು ಕೇಳದೆ ಬೆಳೆದ ಕ್ರೈಸ್ತ ಮಗು ಅಪರೂಪ. ಕುರಿ ಕಾಯುವ ಹುಡುಗ, ಹಳ್ಳದಿಂದ ಆರಿಸಿಕೊಂಡ ಐದು ನುಣುಪು ಕಲ್ಲುಗಳು, ಕವಣೆ, ಕವಚಧಾರಿಯಾದ ದೈತ್ಯ: ಸಂಡೇ ಶಾಲೆಯ ಬೆಂಚಿನ ಮೇಲೆ ಕುಳಿತಾಗಲೇ ಈ ಚಿತ್ರಗಳು ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿವೆ. ಆದರೆ ಚಿತ್ರಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಯನ್ನು ನಾವು ವಿರಳವಾಗಿ ಕೇಳಿಕೊಳ್ಳುತ್ತೇವೆ. ವೇದಭಾಗವು ಕಿವಿಗೆ ಹೇಳಿದ್ದೆಷ್ಟು, ಚಿತ್ರಕಾರರೂ ಚಲನಚಿತ್ರಕಾರರೂ ಕಣ್ಣಿಗೆ ಸೇರಿಸಿದ್ದೆಷ್ಟು ಎಂಬುದು ದೈವಶಾಸ್ತ್ರದ ವಿದ್ಯಾರ್ಥಿಗೆ ಸಣ್ಣ ಪ್ರಶ್ನೆಯೇನೂ ಅಲ್ಲ.

ಈ ಪ್ರಬಂಧದಲ್ಲಿ ನಾವು 1960ರಲ್ಲಿ ಇಟಲಿಯಲ್ಲಿ ತೆರೆಕಂಡ ಒಂದು ಅಗ್ಗದ ಚಿತ್ರವನ್ನು ಪರಿಶೀಲಿಸುತ್ತೇವೆ. ಅದರ ಹೆಸರು ‘ದಾವಿದೆ ಎ ಗೋಲಿಯಾ’, ಅಂದರೆ ‘ದಾವೀದ ಮತ್ತು ಗೊಲ್ಯಾತ’. ಫರ್ಡಿನಾಂಡೊ ಬಾಲ್ದಿ ಮತ್ತು ರಿಚರ್ಡ್ ಪೋಟಿಯೆ ಇದರ ನಿರ್ದೇಶಕರು. ಮರುವರ್ಷ ಅಲೈಡ್ ಆರ್ಟಿಸ್ಟ್ಸ್ ಸಂಸ್ಥೆ ಇದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಚಲನಚಿತ್ರ ಕಲೆಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಸ್ಥಾನವಿಲ್ಲ; ದೊಡ್ಡ ಸ್ಥಾನಕ್ಕೆ ಅದು ಅರ್ಹವೆಂದು ವಾದಿಸುವುದೂ ನಮ್ಮ ಉದ್ದೇಶವಲ್ಲ. ಆದರೂ ಸತ್ಯವೇದದ ಒಂದು ಕಥೆ ತನ್ನದಲ್ಲದ ಕಲಾಪ್ರಕಾರದ ಕೈಗೆ ಸಿಕ್ಕಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಇಂಥ ಚಿತ್ರಗಳು ಮಹಾಕೃತಿಗಳಿಗಿಂತ ಹೆಚ್ಚು ನೆರವಾಗುತ್ತವೆ. ಮಹಾಕೃತಿ ತನ್ನ ಕಾಲವನ್ನು ಮೀರಲು ಯತ್ನಿಸುತ್ತದೆ. ಅಗ್ಗದ ಚಿತ್ರ ತನ್ನ ಕಾಲ ಬಯಸಿದ್ದನ್ನು ಮುಚ್ಚುಮರೆಯಿಲ್ಲದೆ ಕೊಡುತ್ತದೆ.

1. ಒಂದು ಕಲಾಪ್ರಕಾರದ ಹುಟ್ಟು

ಪ್ರಾಚೀನ ಜಗತ್ತನ್ನು ತೆರೆಯ ಮೇಲೆ ಕಟ್ಟುವ ಹವ್ಯಾಸ ಇಟಲಿಗೆ ಹೊಸದಾಗಿರಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿಯೇ, 1913ರಲ್ಲಿ ‘ಕ್ವೊ ವಾದಿಸ್’, 1914ರಲ್ಲಿ ‘ಕಬೀರಿಯಾ’ ಜಗತ್ತನ್ನು ಬೆರಗುಗೊಳಿಸಿದ್ದವು. ‘ಕಬೀರಿಯಾ’ದಲ್ಲಿ ಬಾರ್ತೊಲೊಮೆಯೊ ಪಗಾನೊ ಅಭಿನಯಿಸಿದ ಮಾಚಿಸ್ತೆ ಎಂಬ ಬಲಶಾಲಿ ದಾಸನ ಪಾತ್ರ ಎಷ್ಟು ಜನಪ್ರಿಯವಾಯಿತೆಂದರೆ ಅವನನ್ನೇ ನಾಯಕನನ್ನಾಗಿಸಿ ಸಾಲು ಸಾಲಾಗಿ ಚಿತ್ರಗಳು ಬಂದವು. ದೇಹಬಲವೇ ನ್ಯಾಯವನ್ನು ಗೆಲ್ಲಿಸುತ್ತದೆ ಎಂಬ ಭಾವ ಆ ಚಿತ್ರಗಳ ತಿರುಳು. ಮುಸೊಲಿನಿಯ ಆಳ್ವಿಕೆ ಪ್ರಾಚೀನ ರೋಮಿನ ವೈಭವವನ್ನು ತನ್ನ ರಾಜಕೀಯಕ್ಕೆ ಬಳಸಿಕೊಂಡಿತು. ರೋಮಿನ ಹೊರವಲಯದ ಚಿನೆಚಿತ್ತಾ ಸ್ಟುಡಿಯೊ ಉದ್ಘಾಟನೆಗೊಂಡದ್ದು 1937ರಲ್ಲಿ. ಇಥಿಯೋಪಿಯದ ಆಕ್ರಮಣಕ್ಕೆ ಪರೋಕ್ಷ ಸಮರ್ಥನೆ ಒದಗಿಸಿದ ‘ಶಿಪಿಯೊನೆ ಲಾಫ್ರಿಕಾನೊ’ ತೆರೆಕಂಡದ್ದೂ ಅದೇ ವರ್ಷ.

ಯುದ್ಧಾನಂತರ ಪರಿಸ್ಥಿತಿ ಬದಲಾಯಿತು. ಅಮೆರಿಕದ ಸಂಸ್ಥೆಗಳು ಇಟಲಿಯಲ್ಲಿ ಗಳಿಸಿದ ಹಣವನ್ನು ಪೂರ್ತಿಯಾಗಿ ದೇಶದ ಹೊರಗೆ ಸಾಗಿಸುವಂತಿರಲಿಲ್ಲ. ಆ ಹಣವನ್ನು ಅಲ್ಲಿಯೇ ಚಿತ್ರ ತಯಾರಿಸಲು ತೊಡಗಿಸುವುದು ಲಾಭಕರವಾಗಿತ್ತು. 1951ರ ‘ಕ್ವೊ ವಾದಿಸ್’ ಮತ್ತು 1959ರ ‘ಬೆನ್ ಹರ್’ ಎರಡೂ ಚಿನೆಚಿತ್ತಾದಲ್ಲಿ ಚಿತ್ರೀಕರಣಗೊಂಡವು. ‘ಬೆನ್ ಹರ್’ಗೆ ಸುಮಾರು 1 ಕೋಟಿ 50 ಲಕ್ಷ ಡಾಲರ್ ವೆಚ್ಚವಾಯಿತು. ಇಂಥ ಚಿತ್ರಗಳ ತಯಾರಿಕೆಯಿಂದ ರೋಮಿನಲ್ಲಿ ಬಡಗಿಗಳು, ದರ್ಜಿಗಳು, ಕತ್ತಿವರಸೆಯ ಪಟುಗಳು, ಕುದುರೆ ಸವಾರರು ಪಳಗಿದರು. ವೇಷಭೂಷಣಗಳೂ ರಂಗಸಜ್ಜಿಕೆಗಳೂ ಕೈಗೆಟುಕುವಂತಾದವು. ಹಾಲಿವುಡ್ ಕೋಟಿಗಳಲ್ಲಿ ಮಾಡಿದ್ದನ್ನು ಇಟಲಿಯ ಸಣ್ಣ ನಿರ್ಮಾಪಕ ಅದರ ಅತ್ಯಲ್ಪ ಭಾಗದಲ್ಲಿ ಮಾಡಲು ಸಾಧ್ಯವಾಯಿತು.

ದಾರಿ ತೋರಿಸಿದ್ದು 1958ರಲ್ಲಿ ಪಿಯೆತ್ರೊ ಫ್ರಾಂಚಿಶಿ ನಿರ್ದೇಶಿಸಿದ ಹರ್ಕ್ಯುಲಿಸನ ಚಿತ್ರ. ಅಮೆರಿಕದ ದೇಹದಾರ್ಢ್ಯ ಪಟು ಸ್ಟೀವ್ ರೀವ್ಸ್ ಅದರ ನಾಯಕ. ಜೋಸೆಫ್ ಲೆವಿನ್ ಎಂಬ ಅಮೆರಿಕದ ವಿತರಕ ಅದನ್ನು ಅಲ್ಪ ಬೆಲೆಗೆ ಕೊಂಡು ಪ್ರಚಾರಕ್ಕಾಗಿಯೇ ಹಲವು ಪಟ್ಟು ಹೆಚ್ಚು ಹಣ ಸುರಿದು ಅಪಾರ ಲಾಭ ಗಳಿಸಿದನು. ಅಲ್ಲಿಂದ ಮುಂದೆ ಆರೇಳು ವರ್ಷಗಳ ಕಾಲ ಇಟಲಿಯ ಸ್ಟುಡಿಯೊಗಳಿಂದ ಇಂಥ ಚಿತ್ರಗಳು ಪ್ರವಾಹದಂತೆ ಹರಿದುಬಂದವು. ಫ್ರಾನ್ಸಿನ ವಿಮರ್ಶಕರು ಗ್ರೀಕರ ಉಡುಪಿನ ಹೆಸರನ್ನೇ ತೆಗೆದುಕೊಂಡು ಇವುಗಳನ್ನು ‘ಪೆಪ್ಲಮ್’ ಎಂದರು. ಇಂಗ್ಲಿಷ್ ಮಾತನಾಡುವ ಜನ ಕತ್ತಿಯನ್ನೂ ಪಾದರಕ್ಷೆಯನ್ನೂ ಜೋಡಿಸಿ ತುಸು ಹಾಸ್ಯದ ಹೆಸರಿಟ್ಟರು.

ಹರ್ಕ್ಯುಲಿಸ್, ಮಾಚಿಸ್ತೆ, ಉರ್ಸುಸ್ ಮುಂತಾದ ವೀರರ ಜೊತೆಗೆ ಸತ್ಯವೇದವೂ ಈ ಉದ್ಯಮಕ್ಕೆ ಕಥೆಗಳ ಗಣಿಯಾಯಿತು. 1959ರಲ್ಲಿ ಯೂದಿತ್ ಮತ್ತು ಹೊಲೊಫೆರ್ನೆಸರ ಚಿತ್ರ, 1960ರಲ್ಲಿ ಎಸ್ತೇರಳ ಚಿತ್ರ, ಅದರ ಹಿಂದೆಯೇ ಅಣ್ಣಂದಿರಿಂದ ಮಾರಲ್ಪಟ್ಟ ಯೋಸೇಫನ ಚಿತ್ರ, 1962ರಲ್ಲಿ ‘ಸೊದೋಮ್ ಮತ್ತು ಗೊಮೋರ’ ಬಂದವು. ಈ ಕಥೆಗಳಿಗೆ ಹಕ್ಕುಶುಲ್ಕ ಕೊಡಬೇಕಾಗಿರಲಿಲ್ಲ. ಕಥೆ ಪ್ರೇಕ್ಷಕರಿಗೆ ಮೊದಲೇ ತಿಳಿದಿತ್ತು. ಭಕ್ತಿಯ ಹೊದಿಕೆಯೊಳಗೆ ಯುದ್ಧವನ್ನೂ ನರ್ತನವನ್ನೂ ಅಂತಃಪುರದ ಒಳಸಂಚನ್ನೂ ತೋರಿಸಬಹುದಾಗಿತ್ತು. ‘ದಾವೀದ ಮತ್ತು ಗೊಲ್ಯಾತ’ ಈ ಸಾಲಿಗೆ ಸೇರಿದ್ದು.

2. ಚಿತ್ರದ ಒಳಗೆ

ದಾವೀದನ ಪಾತ್ರ ಇವೊ ಪಾಯರ್ ಎಂಬ ಯುವನಟನದು. ಗೊಲ್ಯಾತನಾಗಿ ‘ಕ್ರೋನೋಸ್’ ಎಂಬ ಹೆಸರಿನಲ್ಲಿ ಒಬ್ಬ ಭಾರಿ ಗಾತ್ರದ ಬಲಶಾಲಿ ಕಾಣಿಸಿಕೊಳ್ಳುತ್ತಾನೆ. ಸೌಲನ ಸೇನಾಪತಿಯಾದ ಅಬ್ನೇರನಾಗಿ ಮಸ್ಸಿಮೊ ಸೆರಾಟೊ, ಸೌಲನ ಹಿರಿಯ ಮಗಳು ಮೇರಬಳಾಗಿ ಎಲಿಯೊನೊರಾ ರೊಸ್ಸಿ ಡ್ರಾಗೊ ಇದ್ದಾರೆ. ಫಿಲಿಷ್ಟಿಯರಿಗೆ ಅಸ್ರೋದ್ ಎಂಬ ಅರಸನನ್ನು ಚಿತ್ರ ಸೃಷ್ಟಿಸಿಕೊಂಡಿದೆ. ಸತ್ಯವೇದದ ಫಿಲಿಷ್ಟಿಯರಿಗಾದರೋ ಐದು ಪಟ್ಟಣಗಳ ಐವರು ಪ್ರಭುಗಳು.

ಆದರೆ ಭಿತ್ತಿಪತ್ರಗಳಲ್ಲಿ ದೊಡ್ಡದಾಗಿ ಮೆರೆದ ಹೆಸರು ದಾವೀದನ ಪಾತ್ರಧಾರಿಯದೂ ಅಲ್ಲ, ಗೊಲ್ಯಾತನದೂ ಅಲ್ಲ. ಸೌಲನಾಗಿ ನಟಿಸಿದ ಓರ್ಸನ್ ವೆಲ್ಸ್‌ನದು. ಇಪ್ಪತ್ತೈದು ತುಂಬಿದ ವಯಸ್ಸಿನಲ್ಲಿ ‘ಸಿಟಿಜನ್ ಕೇನ್’ ನಿರ್ಮಿಸಿ ಹೆಸರಾಗಿದ್ದ ವೆಲ್ಸ್ ಈ ಹೊತ್ತಿಗೆ ಹಾಲಿವುಡ್ಡಿನಿಂದ ದೂರವಾಗಿ ಯುರೋಪಿನಲ್ಲಿ ಅಲೆಯುತ್ತಿದ್ದನು. ‘ಡಾನ್ ಕ್ವಿಕ್ಸೋಟ್’ ಮುಂತಾದ ತನ್ನ ಚಿತ್ರಗಳಿಗೆ ಹಣ ಹೊಂದಿಸಲು ಪರರ ಚಿತ್ರಗಳಲ್ಲಿ ಕೂಲಿಗೆ ನಟಿಸುವುದು ಅವನಿಗೆ ವಾಡಿಕೆಯಾಗಿತ್ತು. ಆ ‘ಡಾನ್ ಕ್ವಿಕ್ಸೋಟ್’ 1985ರಲ್ಲಿ ಅವನು ತೀರಿಕೊಳ್ಳುವಾಗಲೂ ಅಪೂರ್ಣವಾಗಿಯೇ ಉಳಿದಿತ್ತು. ಕಡಿಮೆ ವೆಚ್ಚದ ಚಿತ್ರವೊಂದಕ್ಕೆ ಇಂಥ ಒಬ್ಬ ನಟ ಸಿಕ್ಕರೆ ಸಾಕು, ವಿದೇಶದ ಮಾರುಕಟ್ಟೆ ತೆರೆದುಕೊಳ್ಳುತ್ತಿತ್ತು. ಸೌಲನ ದೃಶ್ಯಗಳನ್ನು ಅವನೇ ನಿರ್ದೇಶಿಸಿಕೊಂಡನೆಂದು ಅವನ ಜೀವನಚರಿತ್ರೆಗಳು ಹೇಳುತ್ತವೆ. ಚಿತ್ರವನ್ನು ನೋಡುವವರಿಗೆ ಇದು ಆಶ್ಚರ್ಯವೆನಿಸದು: ಅವನಿರುವ ದೃಶ್ಯಗಳಲ್ಲಿ ಕತ್ತಲೆಗೊಂದು ಭಾರವಿದೆ, ಉಳಿದ ಕಡೆ ಬಯಲು ಬಿಸಿಲಿನ ಚಪ್ಪಟೆತನವಿದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಸಮುವೇಲನ ಪಾತ್ರ ವಹಿಸಿದವನು ಹಿಲ್ಟನ್ ಎಡ್ವರ್ಡ್ಸ್, ಡಬ್ಲಿನ್ ನಗರದ ಗೇಟ್ ರಂಗಮಂದಿರದ ಸ್ಥಾಪಕರಲ್ಲಿ ಒಬ್ಬ. 1931ರಲ್ಲಿ, ಹದಿನಾರು ವರ್ಷದ ವೆಲ್ಸ್ ಯಾರ ಪರಿಚಯವೂ ಇಲ್ಲದೆ ಆ ರಂಗಮಂದಿರದ ಬಾಗಿಲಿಗೆ ಬಂದಾಗ ಅವನಿಗೆ ವೃತ್ತಿರಂಗಭೂಮಿಯಲ್ಲಿ ಮೊದಲ ಅವಕಾಶ ಕೊಟ್ಟವರಲ್ಲಿ ಇವನೂ ಒಬ್ಬನು. ಕಳೆದುಹೋದ ಕತ್ತೆಗಳನ್ನು ಹುಡುಕುತ್ತಾ ಬಂದ ಹುಡುಗನ ತಲೆಯ ಮೇಲೆ ಎಣ್ಣೆ ಹೊಯ್ದ ಪ್ರವಾದಿಯೇ ಮುಂದೆ ಅವನ ರಾಜ್ಯ ಹರಿದುಹೋಯಿತೆಂದು ಸಾರಬೇಕಾಯಿತು. ಆ ಪ್ರವಾದಿಯನ್ನೂ ಆ ಅರಸನನ್ನೂ ಅಭಿನಯಿಸಿದವರು ನಿಜಜೀವನದಲ್ಲಿ ಒಬ್ಬರನ್ನೊಬ್ಬರು ಮೂವತ್ತು ವರ್ಷ ಬಲ್ಲವರು. ಒಬ್ಬನು ಅವಕಾಶ ಕೊಟ್ಟವನು, ಮತ್ತೊಬ್ಬನು ಏರಿ ಇಳಿದವನು. ನಿರ್ಮಾಪಕರು ಇದನ್ನೆಲ್ಲ ಯೋಚಿಸಿ ಮಾಡಿದರೆಂದು ನಾವು ಹೇಳುವುದಿಲ್ಲ. ಆದರೂ ಸೌಲನ ದುರಂತ ಈ ಅಗ್ಗದ ಚಿತ್ರದಲ್ಲಿ ಸಾಚಾ ಎನಿಸುವುದಾದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಸತ್ಯವೇದದ ಕಥನದಲ್ಲಿ ಮೇರಬಳಿಗೆ ಒಂದು ಮಾತೂ ಇಲ್ಲ. ಅವಳನ್ನು ದಾವೀದನಿಗೆ ಕೊಡುವೆನೆಂದು ತಂದೆ ಮಾತು ಕೊಡುತ್ತಾನೆ, ಬಳಿಕ ಮತ್ತೊಬ್ಬನಿಗೆ ಕೊಟ್ಟುಬಿಡುತ್ತಾನೆ, ಅಷ್ಟೇ. ಅಬ್ನೇರನಾದರೋ ಈ ಅಧ್ಯಾಯದಲ್ಲಿ, ಈ ಹುಡುಗ ಯಾರ ಮಗನೆಂಬ ಅರಸನ ಪ್ರಶ್ನೆಗೆ ತನಗೆ ತಿಳಿಯದೆಂದು ಉತ್ತರಿಸುವುದಕ್ಕಷ್ಟೇ ಬರುತ್ತಾನೆ. ಚಿತ್ರವು ಇವರಿಬ್ಬರನ್ನೂ ಆಸ್ಥಾನದ ಕಥೆಯಲ್ಲಿ ಮುನ್ನೆಲೆಗೆ ತಂದಿದೆ, ಅಬ್ನೇರನನ್ನು ಸಂಚುಗಾರನನ್ನಾಗಿಸಿದೆ. ಮೌನಪಾತ್ರಗಳಿಗೆ ಮಾತು ಕೊಡುವುದು ಯೆಹೂದ್ಯರ ಮಿದ್ರಾಷ್ ಪರಂಪರೆಯಲ್ಲಿಯೂ ಉಂಟು, ಆದುದರಿಂದ ಸೇರಿಸುವಿಕೆಯೇ ತಪ್ಪೆಂದು ಹೇಳಲಾಗದು. ಮಿದ್ರಾಷ್ ವೇದಪಾಠದ ಬಿರುಕಿನಲ್ಲಿ ಪ್ರಶ್ನೆ ಕೇಳುತ್ತದೆ. ಈ ಚಿತ್ರ ಅದೇ ಬಿರುಕನ್ನು ಸಿದ್ಧ ಸೂತ್ರದಿಂದ ಮುಚ್ಚುತ್ತದೆ. ವ್ಯತ್ಯಾಸ ಅಲ್ಲಿದೆ.

3. ಗೊಲ್ಯಾತನು ನಾಯಕನಾದ ಬಗೆ

ಈಗ ನಾವು ನಮ್ಮ ಮುಖ್ಯ ವಿಷಯಕ್ಕೆ ಬರುತ್ತೇವೆ. ಪೆಪ್ಲಮ್ ಚಿತ್ರದ ಕೇಂದ್ರ ಬಲಿಷ್ಠ ಪುರುಷನ ದೇಹ. ಅವನು ಕಂಬಗಳನ್ನು ಉರುಳಿಸುತ್ತಾನೆ, ಸರಪಣಿಗಳನ್ನು ಹರಿಯುತ್ತಾನೆ, ಸಿಂಹಗಳೊಡನೆ ಸೆಣಸುತ್ತಾನೆ. ಕ್ಯಾಮೆರಾ ಅವನ ತೋಳುಗಳ ಮೇಲೆ ತಂಗುತ್ತದೆ. ಪಾಶ್ಚಾತ್ಯ ಚಿತ್ರಗಳಲ್ಲಿ ಬಿಳಿಯ ದೇಹದ ಚಿತ್ರಣವನ್ನು ಕುರಿತು 1997ರಲ್ಲಿ ಗ್ರಂಥ ಬರೆದ ರಿಚರ್ಡ್ ಡಯರ್ ಈ ಚಿತ್ರಗಳ ಬಲಶಾಲಿ ದೇಹಕ್ಕೂ ವಸಾಹತುಶಾಹಿಯ ಕಲ್ಪನೆಗೂ ಇರುವ ನಂಟನ್ನು ಚರ್ಚಿಸಿದ್ದಾನೆ. ಹೊಲಗಳಿಂದ ಕಾರ್ಖಾನೆಗಳಿಗೆ ವಲಸೆ ಬಂದ ಇಟಲಿಯ ದುಡಿಯುವ ಜನಕ್ಕೆ, ಯಂತ್ರದ ಮುಂದೆ ಮೌಲ್ಯ ಕಳೆದುಕೊಳ್ಳುತ್ತಿದ್ದ ತೋಳ್ಬಲದ ಕೀರ್ತನೆ ಹಿತವಾಗಿದ್ದಿರಬೇಕೆಂಬುದು ಸಹ ಅವನ ವಾದದ ಒಂದು ಎಳೆ.

ಇಂಥ ಪ್ರಕಾರಕ್ಕೆ 1 ಸಮುವೇಲ 17ರಷ್ಟು ಒಗ್ಗದ ಕಥೆ ಮತ್ತೊಂದಿಲ್ಲ. ಸಂಸೋನನ ಕಥೆ ಅದಕ್ಕೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ದಾವೀದನದು ತಿರುಗಿ ಬೀಳುತ್ತದೆ. ಏಕೆಂದರೆ ಇಲ್ಲಿ ಬಲಿಷ್ಠನೇ ವೈರಿ. ವೇದಪಾಠವು ಗೊಲ್ಯಾತನ ದೇಹವನ್ನು ಪೆಪ್ಲಮ್ ಕ್ಯಾಮೆರಾದಂತೆಯೇ ತಲೆಯಿಂದ ಕಾಲಿನವರೆಗೆ ನೋಡುತ್ತದೆ: ತಾಮ್ರದ ಶಿರಸ್ತ್ರಾಣ, 5,000 ಶೆಕೆಲ್ ತೂಕದ ಕವಚ, ಕಾಲಿಗೆ ತಾಮ್ರದ ರಕ್ಷೆ, 600 ಶೆಕೆಲ್ ತೂಕದ ಕಬ್ಬಿಣದ ಈಟಿಯ ಅಲಗು. ಇಂದಿನ ಲೆಕ್ಕದಲ್ಲಿ ಕವಚ ಸುಮಾರು 57 ಕಿಲೊ, ಅಲಗು ಸುಮಾರು 7 ಕಿಲೊ. ಹೀಬ್ರೂ ಕಥನ ಯಾರ ಉಡುಪನ್ನೂ ಇಷ್ಟು ವಿವರವಾಗಿ ಬಣ್ಣಿಸುವುದು ಅಪೂರ್ವ. ಓದುಗನನ್ನು ಬೆರಗುಗೊಳಿಸಿ, ಆ ಬೆರಗನ್ನೇ ಒಂದು ಕಲ್ಲಿನಿಂದ ಒಡೆಯುವುದು ಕಥನದ ಉದ್ದೇಶ.

ಈಗ ಚರಿತ್ರೆಯ ಒಂದು ವಿಪರ್ಯಾಸವನ್ನು ನೋಡೋಣ. ಇಟಲಿಯ ಚಿತ್ರಗಳನ್ನು ಕೊಂಡ ಅಮೆರಿಕದ ವಿತರಕರಿಗೆ ಮಾಚಿಸ್ತೆ ಎಂಬ ಹೆಸರು ತಮ್ಮ ಪ್ರೇಕ್ಷಕರಿಗೆ ಅಪರಿಚಿತವೆಂಬ ಚಿಂತೆ ಇತ್ತು. ಎಲ್ಲರಿಗೂ ಗೊತ್ತಿರುವ, ಬಲವನ್ನು ಸೂಚಿಸುವ ಹೆಸರು ಬೇಕಾಗಿತ್ತು. ಅವರು ಆರಿಸಿಕೊಂಡ ಹೆಸರುಗಳಲ್ಲಿ ಒಂದು ‘ಗೋಲಿಯಾತ್’! ‘ಅನಾಗರಿಕರ ಭೀತಿ’ ಎಂಬ ಅರ್ಥದ ಹೆಸರಿನಿಂದ 1959ರಲ್ಲಿ ಇಟಲಿಯಲ್ಲಿ ಬಂದ ಸ್ಟೀವ್ ರೀವ್ಸನ ಚಿತ್ರ ಅಮೆರಿಕದಲ್ಲಿ ‘ಗೋಲಿಯಾತ್ ಮತ್ತು ಅನಾಗರಿಕರು’ ಆಯಿತು. ಹರ್ಕ್ಯುಲಿಸನ ಸೇಡಿನ ಚಿತ್ರ ‘ಗೋಲಿಯಾತ್ ಮತ್ತು ಘಟಸರ್ಪ’ ಆಯಿತು. ಮಾಚಿಸ್ತೆ ರಕ್ತಪಿಶಾಚಿಯನ್ನು ಎದುರಿಸಿದ ಚಿತ್ರವೂ ಗೋಲಿಯಾತನ ಹೆಸರನ್ನೇ ಹೊತ್ತು ಹೋಯಿತು. ಈ ಚಿತ್ರಗಳಲ್ಲಿ ಗೋಲಿಯಾತನೆಂದರೆ ದುರ್ಬಲರನ್ನು ಕಾಯುವವನು, ದಬ್ಬಾಳಿಕೆಯನ್ನು ಮುರಿಯುವವನು, ಜನರು ಜಯಕಾರ ಹಾಕುವ ನಾಯಕ.

ಹೀಗೆ ಗತ್ ಊರಿನ ದೈತ್ಯನು ಮೂರು ಸಾವಿರ ವರ್ಷಗಳ ಅನಂತರ ಸದ್ದಿಲ್ಲದೆ ಎದ್ದು ನಿಂತನು, ಅದೂ ದಾವೀದನ ಸ್ಥಾನದಲ್ಲಿ. ಸಂಡೇ ಶಾಲೆಗಳು ತುಂಬಿದ್ದ ದೇಶದಲ್ಲಿಯೇ ಇದು ನಡೆಯಿತು ಎಂಬುದನ್ನು ನಾವು ಮರೆಯಬಾರದು. ಆ ಹೆಸರು ಅಲ್ಲಿ ಪರಿಚಿತವಾಗಿದ್ದದ್ದು ಸತ್ಯವೇದದಿಂದಲೇ. ಆದರೆ ಹೆಸರು ಉಳಿದು ಕಥೆಯ ತೀರ್ಪು ಮರೆತುಹೋಗಿತ್ತು. ದೊಡ್ಡದು, ಗಟ್ಟಿಯಾದದ್ದು, ಸೋಲದ್ದು ಎಂಬ ಗುಣಗಳಷ್ಟೇ ನೆನಪಿನಲ್ಲಿ ಉಳಿದಿದ್ದವು. ಒಂದೆಡೆ ‘ದಾವೀದ ಮತ್ತು ಗೊಲ್ಯಾತ’ ಚಿತ್ರದಲ್ಲಿ ಗೊಲ್ಯಾತನು ಕಲ್ಲೇಟಿಗೆ ಬೀಳುತ್ತಿದ್ದನು. ಅದೇ ವರ್ಷಗಳಲ್ಲಿ, ಬೇರೊಂದು ಚಿತ್ರದಲ್ಲಿ, ಅವನ ಹೆಸರಿನವನೇ ಗೆಲ್ಲುತ್ತಿದ್ದನು. ಜನಮನದಲ್ಲಿ ಯಾವ ಗೊಲ್ಯಾತ ಹೆಚ್ಚು ಆಪ್ತನಾಗಿದ್ದನೆಂಬುದಕ್ಕೆ ವಿತರಕರ ವ್ಯಾಪಾರಬುದ್ಧಿಯೇ ಸಾಕ್ಷಿ.

4. ಹೊರನೋಟ ಮತ್ತು ಹೃದಯ

ಕಥನವು ಈ ಅಪಾಯವನ್ನು ಮೊದಲೇ ಬಲ್ಲದು. ಹಿಂದಿನ ಅಧ್ಯಾಯದಲ್ಲಿ ಸಮುವೇಲನು ಬೇತ್ಲೆಹೇಮಿಗೆ ಬಂದು ಇಷಯನ ಹಿರಿಯ ಮಗ ಎಲೀಯಾಬನ ಎತ್ತರವನ್ನು ಕಂಡು ಇವನೇ ಅಭಿಷಿಕ್ತನೆಂದು ಭಾವಿಸುತ್ತಾನೆ. ಆಗ ಅವನಿಗೆ ದೊರೆಯುವ ತಿದ್ದುಪಡಿ ಪ್ರಸಿದ್ಧ (1 ಸಮುವೇಲ 16:7): ಮನುಷ್ಯನ ದೃಷ್ಟಿ ತೋರಿಕೆಯಲ್ಲಿ ನಿಲ್ಲುತ್ತದೆ, ದೇವರ ದೃಷ್ಟಿ ಹೃದಯವನ್ನು ತಲಪುತ್ತದೆ. ಪ್ರವಾದಿಯೇ ಮೋಸಹೋದ ಮೇಲೆ ಪ್ರೇಕ್ಷಕನ ಪಾಡೇನು! ಕ್ಯಾಮೆರಾ ಸ್ವಭಾವತಃ ಹೊರಗಣ್ಣು. ಅದು ಎಲೀಯಾಬನನ್ನೇ ಆರಿಸುತ್ತದೆ.

ಸೌಲನೂ ಎತ್ತರದವನೇ. ಜನರೆಲ್ಲರಿಗಿಂತ ಹೆಗಲ ಮೇಲಕ್ಕೆ ಎದ್ದು ಕಾಣುತ್ತಿದ್ದನೆಂದು ಒಂಬತ್ತನೆಯ ಅಧ್ಯಾಯ ತಿಳಿಸುತ್ತದೆ. ಇಸ್ರಾಯೇಲಿನಲ್ಲಿ ಗೊಲ್ಯಾತನಿಗೆ ಎದುರಾಗಿ ಹೋಗಬೇಕಾಗಿದ್ದ ಮನುಷ್ಯ ಅವನೇ. ನಲವತ್ತು ದಿನ ಬೆಳಿಗ್ಗೆಯೂ ಸಂಜೆಯೂ ಆ ಸವಾಲು ಮೊಳಗುವಾಗ ತನ್ನ ಗುಡಾರದಲ್ಲಿ ಕುಳಿತಿದ್ದವನೂ ಅವನೇ. ಈ ಅಂಶವನ್ನು ವೆಲ್ಸ್‌ನ ಅಭಿನಯ ಯಾವ ಸಂಭಾಷಣೆಯೂ ಇಲ್ಲದೆ ತಿಳಿಸುತ್ತದೆ ಎಂಬುದು ನಮ್ಮ ಅನಿಸಿಕೆ. ಅವನದೂ ದೊಡ್ಡ ದೇಹ. ಆದರೆ ಸಿಂಹಾಸನದೊಳಗೆ ಕುಸಿದ ದೇಹ. ದೇಹಗಳನ್ನು ಮೆರೆಸುವುದಕ್ಕೆಂದೇ ಹುಟ್ಟಿದ ಪ್ರಕಾರದೊಳಗೆ, ದೊಡ್ಡತನವು ಯಾವ ಕೆಲಸಕ್ಕೂ ಬಾರದೆ ಹೋದ ಒಬ್ಬ ಅರಸನನ್ನು ಅವನು ಕೂರಿಸಿದ್ದಾನೆ. ಚಿತ್ರದಲ್ಲಿ ವೇದಪಾಠಕ್ಕೆ ಅತ್ಯಂತ ಹತ್ತಿರ ಬರುವುದು ಯುದ್ಧದ ದೃಶ್ಯವಲ್ಲ, ಇದು.

ಗೊಲ್ಯಾತನ ಎತ್ತರದ ವಿಷಯದಲ್ಲಿಯೂ ಪಾಠಚರಿತ್ರೆ ನಮಗೆ ಒಂದು ಮಾತು ಹೇಳುತ್ತದೆ. ಮಸೋರಾ ಪಾಠದಲ್ಲಿ ಅವನ ಎತ್ತರ ಆರು ಮೊಳ ಒಂದು ಗೇಣು, ಅಂದರೆ ಸುಮಾರು 9 ಅಡಿ 9 ಅಂಗುಲ. ಆದರೆ ಗ್ರೀಕ್ ಸೆಪ್ಟುವಜಿಂಟಿನ ಪ್ರಮುಖ ಹಸ್ತಪ್ರತಿಗಳಲ್ಲಿಯೂ ಯೋಸೇಫಸನ ಗ್ರಂಥದಲ್ಲಿಯೂ ಅದು ನಾಲ್ಕು ಮೊಳ ಒಂದು ಗೇಣು, ಅಂದರೆ ಸುಮಾರು 6 ಅಡಿ 9 ಅಂಗುಲ. 1952ರಲ್ಲಿ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ದೊರೆತ ಸಮುವೇಲನ ಹಸ್ತಪ್ರತಿಯೂ ಈ ಕಡಿಮೆ ಅಳತೆಯನ್ನೇ ಕೊಡುತ್ತದೆ. ಎತ್ತರವು ಪ್ರತಿಕಾರರ ಕೈಯಲ್ಲಿ ಬೆಳೆಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ದೈತ್ಯನನ್ನು ಇನ್ನಷ್ಟು ದೊಡ್ಡದಾಗಿ ಕಾಣುವ ಆಸೆ ಚಿನೆಚಿತ್ತಾಕ್ಕಿಂತ ಬಹು ಹಳೆಯದು. ‘ಕ್ರೋನೋಸ್’ ಕುಮ್ರಾನಿನ ಅಳತೆಗೆ ಹತ್ತಿರ, ಮಸೋರಾದ ಅಳತೆಗೆ ದೂರ. ಕ್ಯಾಮೆರಾವನ್ನು ಕೆಳಗಿಟ್ಟು ಮೇಲಕ್ಕೆ ನೋಡುವ ಹಳೆಯ ಉಪಾಯ ಉಳಿದ ಅಂತರವನ್ನು ತುಂಬುತ್ತದೆ.

ವೈರಿಯ ಚಿತ್ರಣದ ಬಗ್ಗೆಯೂ ಒಂದು ಮಾತು. ಚಿತ್ರದ ಫಿಲಿಷ್ಟಿಯರು ಒರಟರು, ಅಬ್ಬರದವರು. ಏಜಿಯನ್ ಸಮುದ್ರದ ಕಡೆಯಿಂದ ಬಂದು ನೆಲೆಸಿದ ಈ ಜನರಿಗೆ ಸುವ್ಯವಸ್ಥಿತ ಪಟ್ಟಣಗಳೂ ಅಂದವಾದ ಬಣ್ಣದ ಮಡಕೆಗಳೂ ಇದ್ದವೆಂದು ಉತ್ಖನನಗಳು ತೋರಿಸಿವೆ. ಅದಕ್ಕಿಂತ ಮುಖ್ಯವಾದದ್ದು ಸತ್ಯವೇದದ ಸಾಕ್ಷ್ಯವೇ. ಸೌಲನಿಗೆ ಹೆದರಿ ಓಡಿದ ದಾವೀದನಿಗೆ ಆಶ್ರಯ ಕೊಟ್ಟವನು ಗತ್ ಊರಿನ ಅರಸ ಆಕೀಷ. ಅಬ್ಷಾಲೋಮನು ದಂಗೆಯೆದ್ದಾಗ, ಸಾವಾಗಲಿ ಬದುಕಾಗಲಿ ಒಡೆಯನ ಜೊತೆಗೇ ಎಂದು ದಾವೀದನನ್ನು ಬಿಡದೆ ಹಿಂಬಾಲಿಸಿದವನು ಗತ್ ಊರಿನ ಇತ್ತೈ. ಗೊಲ್ಯಾತನ ಊರಿನವನೇ ದಾವೀದನ ನಿಷ್ಠಾವಂತನಾದನು. ಕಥೆಯನ್ನು ಕಾಳಗದ ಗೆಲುವಿನ ಸುತ್ತಲೇ ಕಟ್ಟುವ ಚಿತ್ರ ಇಲ್ಲಿಯವರೆಗೆ ಬರುವುದಿಲ್ಲ. ನಮ್ಮ ಪ್ರಸಂಗಗಳೂ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತವೆ.

5. ಸಭೆ ಮತ್ತು ಸಿನಿಮಾ

ಈ ಚಿತ್ರಗಳನ್ನು ಸಭೆಯ ಇತಿಹಾಸದಿಂದ ಬೇರ್ಪಡಿಸಿ ನೋಡಲಾಗದು. ರೋಮನ್ ಕಥೋಲಿಕ ಸಭೆ ಸಿನಿಮಾವನ್ನು ಗಂಭೀರವಾಗಿ ಪರಿಗಣಿಸಿತ್ತು. 1936ರಲ್ಲಿ ಹನ್ನೊಂದನೆಯ ಪಿಯುಸ್ ‘ವಿಜಿಲಾಂತಿ ಕೂರಾ’ ಎಂಬ ಪರಿಪತ್ರವನ್ನೂ, 1957ರಲ್ಲಿ ಹನ್ನೆರಡನೆಯ ಪಿಯುಸ್ ‘ಮಿರಾಂದಾ ಪ್ರೋರ್ಸುಸ್’ ಎಂಬ ಪರಿಪತ್ರವನ್ನೂ ಹೊರಡಿಸಿದರು. ಇಟಲಿಯಲ್ಲಿ 1955ರಲ್ಲಿ 81 ಕೋಟಿಗೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಧರ್ಮಕೇಂದ್ರಗಳಿಗೆ ಸೇರಿದ ಸಾವಿರಾರು ಚಿತ್ರಮಂದಿರಗಳೂ ಅಲ್ಲಿದ್ದವು. ಆ ಮಂದಿರಗಳಿಗೆ ಕುಟುಂಬಸಮೇತ ನೋಡಬಹುದಾದ ಚಿತ್ರಗಳು ಬೇಕಾಗಿದ್ದವು. ಸತ್ಯವೇದದ ಹೆಸರು ಹೊತ್ತ ಪೆಪ್ಲಮ್ ಅಂಥ ಬೇಡಿಕೆಗೆ ಹೇಳಿಮಾಡಿಸಿದಂತಿತ್ತು.

ಆದರೆ ಸಭೆಯೊಳಗಿನವರಿಗೆ ಅದಷ್ಟರಿಂದ ತೃಪ್ತಿಯಾಗಲಿಲ್ಲ. ಫಾದರ್ ಜಾಕೊಮೊ ಅಲ್ಬೆರಿಯೊನೆ ಸ್ಥಾಪಿಸಿದ ಸಂತ ಪೌಲರ ಸಭಾಸಂಘದ ಚಿತ್ರಸಂಸ್ಥೆ ತಾನೇ ಹಳೆಯ ಒಡಂಬಡಿಕೆಯ ಚಿತ್ರಗಳನ್ನು ತಯಾರಿಸಲು ಮುಂದಾಯಿತು. ಮಾರ್ಚೆಲ್ಲೊ ಬಾಲ್ದಿ ನಿರ್ದೇಶಿಸಿದ ‘ಸೌಲ ಮತ್ತು ದಾವೀದ’ 1964ರಲ್ಲಿ ಬಂತು. ಅದು ಗೊಲ್ಯಾತನನ್ನು ಕೇಂದ್ರವಾಗಿಸದೆ, ಹೆಸರೇ ಸೂಚಿಸುವಂತೆ, ತಿರಸ್ಕೃತ ಅರಸನಿಗೂ ಆಯ್ಕೆಯಾದ ಯುವಕನಿಗೂ ಇದ್ದ ಸಂಬಂಧವನ್ನು ಕೇಂದ್ರವಾಗಿಸಿತು. ಇದು ವೇದಪಾಠದ ಸಮಗ್ರ ವಿನ್ಯಾಸಕ್ಕೆ ಹೆಚ್ಚು ಹತ್ತಿರವಾದ ಓದು.

ಅದೇ 1964ರಲ್ಲಿ ಪಾಸೊಲಿನಿಯ ‘ಮತ್ತಾಯನ ಪ್ರಕಾರ ಸುವಾರ್ತೆ’ ತೆರೆಕಂಡಿತು. ಅದೂ ಕಡಿಮೆ ವೆಚ್ಚದ ಚಿತ್ರವೇ. ಆದರೆ ಪಾಸೊಲಿನಿ ಬಡತನವನ್ನು ಮುಚ್ಚಿಡಲಿಲ್ಲ. ದಕ್ಷಿಣ ಇಟಲಿಯ ಮಾತೇರಾದ ಕಲ್ಲುಮನೆಗಳು, ವೃತ್ತಿನಟರಲ್ಲದ ರೈತರ ಮುಖಗಳು, ಕಪ್ಪುಬಿಳುಪಿನ ಬಣ್ಣ ಇವುಗಳಲ್ಲಿಯೇ ಅವನು ಸುವಾರ್ತೆಯ ರೂಪವನ್ನು ಕಂಡನು. ಪೆಪ್ಲಮ್ ಬಡತನದಲ್ಲಿದ್ದುಕೊಂಡು ಐಶ್ವರ್ಯವನ್ನು ನಟಿಸಿತು. ಸೌಲನ ಕವಚವನ್ನು ತೊಟ್ಟು ನಡೆಯಲಾರದೆ ನಿಂತ ದಾವೀದನ ನೆನಪು ಇಲ್ಲಿ ಬಾರದಿರದು. ಕಿರಿಯವನು ಹಿರಿಯವನ ಕವಚ ತೊಟ್ಟರೆ ನಡಿಗೆಯೇ ಕೆಡುತ್ತದೆ. ತನ್ನ ಕೈಗೆ ಪಳಗಿದ ಕವಣೆಯೇ ಅವನಿಗೆ ಸಾಕು. ಪಾಸೊಲಿನಿ ಕವಚ ಕಳಚಿದನು. ‘ದಾವೀದ ಮತ್ತು ಗೊಲ್ಯಾತ’ದ ನಿರ್ಮಾಪಕರು ‘ಬೆನ್ ಹರ್’ನ ಕವಚವನ್ನು ತೊಟ್ಟುಕೊಂಡೇ ಕಣಕ್ಕಿಳಿದರು.

ಪೆಪ್ಲಮ್ ಯುಗ ಹೆಚ್ಚು ಕಾಲ ಬಾಳಲಿಲ್ಲ. 1964ರಲ್ಲಿ ಸೆರ್ಜಿಯೊ ಲಿಯೋನೆಯ ಮೊದಲ ಪಾಶ್ಚಿಮಾತ್ಯ ಕೌಬಾಯ್ ಚಿತ್ರ ಗೆದ್ದ ಮೇಲೆ ಇಟಲಿಯ ಉದ್ಯಮ ಕತ್ತಿಯನ್ನು ಬಿಟ್ಟು ಪಿಸ್ತೂಲನ್ನು ಹಿಡಿಯಿತು. ಫರ್ಡಿನಾಂಡೊ ಬಾಲ್ದಿಯೂ 1966ರ ಹೊತ್ತಿಗೆ ‘ಟೆಕ್ಸಾಸ್, ಅದ್ದೀಯೊ’ದಂಥ ಕೌಬಾಯ್ ಚಿತ್ರಗಳ ಕಡೆಗೆ ಹೊರಳಿದನು. ಆಯುಧ ಬದಲಾಯಿತು, ಆಯುಧವೇ ತೀರ್ಪು ನೀಡುತ್ತದೆಂಬ ನಂಬಿಕೆ ಬದಲಾಗಲಿಲ್ಲ.

6. ನೋಬಿನ ಖಡ್ಗ

ಇಲ್ಲಿಗೆ ಮುಗಿಸಿದರೆ ನಾವು ಚಿತ್ರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ, ವೇದಪಾಠವನ್ನು ಅತಿ ಸರಳಗೊಳಿಸಿದಂತೆಯೂ ಆಗುತ್ತದೆ. ಕತ್ತಿಯನ್ನು ಕಥೆಯೊಳಗೆ ತಂದವರು ಇಟಲಿಯವರಲ್ಲ. ದಾವೀದನು ಗೊಲ್ಯಾತನಿಗೆ ಹೇಳುವ ಮಾತುಗಳ ಸಾರ, ಯೆಹೋವನು ರಕ್ಷಿಸುವುದು ಕತ್ತಿಯಿಂದಲೂ ಈಟಿಯಿಂದಲೂ ಅಲ್ಲ ಎಂಬುದು (17:47). ಅವನ ಕೈಯಲ್ಲಿ ಕತ್ತಿ ಇರಲಿಲ್ಲವೆಂದು ಐವತ್ತನೆಯ ವಚನ ಒತ್ತಿ ಹೇಳುತ್ತದೆ. ಆದರೆ ಮರುವಚನದಲ್ಲಿಯೇ ಅವನು ಓಡಿಹೋಗಿ ದೈತ್ಯನ ಕತ್ತಿಯನ್ನೇ ಹಿರಿದು ಅವನ ತಲೆಯನ್ನು ಕತ್ತರಿಸುತ್ತಾನೆ. ಐವತ್ತನೆಯ ವಚನವು ಸೆಪ್ಟುವಜಿಂಟಿನ ವಾಟಿಕನ್ ಹಸ್ತಪ್ರತಿಯಲ್ಲಿ ಇಲ್ಲವೆಂಬುದೂ ಇಲ್ಲಿ ಸ್ಮರಣೀಯ. ಬೇಲೂರು ಶಿಲ್ಪದ ಹಾಗೆ ಒಂದೇ ಕಲ್ಲಿನಲ್ಲಿ ಕಡೆದ ಪಾಠವಲ್ಲ ಇದು. ಹಲವು ಕೈಗಳು ಜೋಡಿಸಿದ್ದು. ಗೊಲ್ಯಾತನನ್ನು ಕೊಂದವನು ಬೇತ್ಲೆಹೇಮಿನ ಎಲ್ಹಾನಾನನೆಂದು 2 ಸಮುವೇಲ 21:19 ಹೇಳುವುದೂ, 1 ಪೂರ್ವಕಾಲವೃತ್ತಾಂತ 20:5 ಅದನ್ನು ಗೊಲ್ಯಾತನ ತಮ್ಮನಾದ ಲಹ್ಮೀಯ ವಧೆಯೆಂದು ಹೇಳುವುದೂ ಇದನ್ನೇ ನೆನಪಿಸುತ್ತವೆ.

ಕಥೆ ಇನ್ನೂ ಮುಂದುವರಿಯುತ್ತದೆ. ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಸೌಲನಿಂದ ತಪ್ಪಿಸಿಕೊಂಡು ಓಡುತ್ತಿರುವ ದಾವೀದನು ನೋಬಿನ ಯಾಜಕ ಅಹೀಮೆಲೆಕನ ಬಳಿಗೆ ಬರುತ್ತಾನೆ. ಆಯುಧ ಬೇಕೆಂದು ಕೇಳುತ್ತಾನೆ. ಏಲಾ ತಗ್ಗಿನಲ್ಲಿ ಕೊಂದ ಫಿಲಿಷ್ಟಿಯನ ಕತ್ತಿ ಬಟ್ಟೆಯಲ್ಲಿ ಸುತ್ತಿ ಏಫೋದಿನ ಹಿಂದೆ ಇಟ್ಟಿದೆ, ಬೇರೊಂದಿಲ್ಲ ಎಂದು ಯಾಜಕನು ಉತ್ತರಿಸುತ್ತಾನೆ. ಅದಕ್ಕೆ ಸಮನಾದದ್ದು ಇಲ್ಲ, ಅದನ್ನೇ ಕೊಡು ಎನ್ನುತ್ತಾನೆ ದಾವೀದ. ಹುಡುಗನಾಗಿದ್ದಾಗ ಸೌಲನ ಕತ್ತಿಯನ್ನು ಬೇಡವೆಂದವನು, ಹೆದರಿಕೆಯ ದಿನದಲ್ಲಿ ಗೊಲ್ಯಾತನ ಕತ್ತಿಗೆ ಕೈಯೊಡ್ಡುತ್ತಾನೆ. ಆ ಭೇಟಿಯ ಫಲವಾಗಿ ನೋಬಿನಲ್ಲಿ ಎಂಬತ್ತೈದು ಮಂದಿ ಯಾಜಕರು ಸೌಲನ ಅಪ್ಪಣೆಯಿಂದ ಹತರಾದರು. ಬಹುಕಾಲದ ಮೇಲೆ, ದೇವಾಲಯವನ್ನು ಕಟ್ಟುವ ಆಸೆ ಅವನಿಗೆ ನೆರವೇರದಿದ್ದುದಕ್ಕೆ ಪೂರ್ವಕಾಲವೃತ್ತಾಂತವು ಕೊಡುವ ಕಾರಣ ಅವನು ಸುರಿಸಿದ ರಕ್ತ (1 ಪೂರ್ವಕಾಲವೃತ್ತಾಂತ 22:8).

ಆದುದರಿಂದ ಕವಣೆಯ ಕಥೆಯು ಕತ್ತಿಯ ಕಥೆಯಾಗಿ ಮಾರ್ಪಡುವ ಅಪಾಯ ದಾವೀದನ ಬಾಳಿನೊಳಗೇ ಇತ್ತು. ಚಲನಚಿತ್ರ ಆ ಮಾರ್ಪಾಟನ್ನು ಹಣದಾಸೆಯಿಂದ, ವಿವೇಚನೆಯಿಲ್ಲದೆ ಮಾಡಿತು. ದಾವೀದನು ಭಯದಿಂದ ಮಾಡಿದನು. ನಾವಾದರೋ ಪ್ರಸಂಗಪೀಠದಿಂದ, ಒಳ್ಳೆಯ ಉದ್ದೇಶದಿಂದಲೇ ಮಾಡುತ್ತೇವೆ. ಪ್ರತಿಯೊಬ್ಬನೂ ತನ್ನ ಗೊಲ್ಯಾತನನ್ನು ಕೆಡವಬೇಕು, ಪರೀಕ್ಷೆಯೋ ಸಾಲವೋ ಪ್ರತಿಸ್ಪರ್ಧಿಯೋ ಯಾವುದಾದರೂ ಸರಿ, ಗೆಲುವು ನಿನ್ನದೇ ಎಂಬ ಪ್ರಸಂಗವನ್ನು ನಾವು ಎಷ್ಟು ಬಾರಿ ಕೇಳಿಲ್ಲ, ಎಷ್ಟು ಬಾರಿ ಹೇಳಿಲ್ಲ? ಅಂಥ ಪ್ರಸಂಗದಲ್ಲಿ ದಾವೀದನ ಹೆಸರಿದೆ, ಆದರೆ ಮೆಚ್ಚುಗೆ ಗಾತ್ರಕ್ಕೆ, ಬಲಕ್ಕೆ, ಜಯಕ್ಕೆ ಸಲ್ಲುತ್ತದೆ. ಸೋತವರಿಗೆ, ಸಾಲ ತೀರದವರಿಗೆ, ರೋಗ ವಾಸಿಯಾಗದವರಿಗೆ ಅದರಲ್ಲಿ ಒಂದು ಮಾತೂ ಇಲ್ಲ. ಅಮೆರಿಕದ ವಿತರಕರು ಗೊಲ್ಯಾತನ ಹೆಸರನ್ನು ನಾಯಕನಿಗೆ ಇಟ್ಟರು. ನಾವು ದಾವೀದನ ಹೆಸರನ್ನು ಗೊಲ್ಯಾತನಿಗೆ ಇಡುತ್ತಿದ್ದೇವೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಸೆಮಿನರಿಯ ತರಗತಿಯಲ್ಲಿ ಈ ವೇದಭಾಗವನ್ನು ಬೋಧಿಸುವಾಗ ಇಂಥ ಹಳೆಯ ಚಿತ್ರದ ಒಂದೆರಡು ದೃಶ್ಯಗಳನ್ನು ತೋರಿಸುವುದು ಉಪಯುಕ್ತವೆಂದು ನಾವು ಭಾವಿಸುತ್ತೇವೆ. ನಗುವುದಕ್ಕಾಗಿ ಅಲ್ಲ, ಸುಣ್ಣದ ಕಂಬಗಳನ್ನು ಕಂಡು ನಗುವುದು ಸುಲಭ. ವೇದಪಾಠ ಎಲ್ಲಿ ಕಣ್ಣನ್ನು ನಿಲ್ಲಿಸುತ್ತದೆ, ಚಿತ್ರ ಎಲ್ಲಿ ನಿಲ್ಲಿಸುತ್ತದೆ ಎಂದು ವಿದ್ಯಾರ್ಥಿಗಳು ಸಾಲುಸಾಲಾಗಿ ಹೋಲಿಸಿ ಬರೆಯಲಿ. ಯಾರಿಗೆ ಮಾತು ಸಿಕ್ಕಿತು, ಯಾರ ಮಾತು ಹೋಯಿತು, ಕಥೆ ಎಲ್ಲಿ ಮುಗಿಯಿತು ಎಂದು ಗುರುತಿಸಲಿ. ಬಳಿಕ ಅದೇ ಪ್ರಶ್ನೆಗಳನ್ನು ತಾವು ಸಿದ್ಧಪಡಿಸಿದ ಪ್ರಸಂಗಕ್ಕೂ ಕೇಳಿಕೊಳ್ಳಲಿ.

ಕೊನೆಗೆ ನಮ್ಮ ಮನಸ್ಸಿನಲ್ಲಿ ಉಳಿಯುವುದು ಬೀಳುವ ದೈತ್ಯನಲ್ಲ. ಕೂಲಿಗಾಗಿ ಬಂದ ಒಬ್ಬ ಮಹಾನಟ, ತನ್ನ ಹಳೆಯ ಗುರುವಿನ ಎದುರು, ಕೈಬಿಟ್ಟುಹೋದ ಕೃಪೆಯನ್ನು ಅಭಿನಯಿಸಿದ ಆ ಕತ್ತಲೆಯ ದೃಶ್ಯಗಳು. ಆ ಅರಸನ ಬಳಿ ಕತ್ತಿಯೂ ಇತ್ತು, ಕವಚವೂ ಇತ್ತು, ಎಲ್ಲರಿಗಿಂತ ಹೆಚ್ಚಿನ ಎತ್ತರವೂ ಇತ್ತು. ಹೊರಗೆ ಒಬ್ಬ ಹುಡುಗನು ಹಳ್ಳದಲ್ಲಿ ಬಗ್ಗಿ ಕಲ್ಲುಗಳನ್ನು ಆರಿಸುತ್ತಿದ್ದನು.